ನಮ್ಮ ಮನೆಯವರ ಹುಳಗಳು

ಅಂದು ಶನಿವಾರ, ಬೆಳಗಿನ ಶಾಲೆ. ನಮ್ಮ ಮನೆಯವರು ಎಂದಿನಂತೆ ತಮ್ಮ ಹುಳಗಳಿಗೆ ಗಜ್ಜರಿ ಹೆಚ್ಚಿ ಹಾಕಿ ಸ್ನಾನಕ್ಕೆ ಹೋದರು. ಅಲ್ಲೇ ಕುಸಿದರು, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅವರು ವಿಜ್ಞಾನದ ಮಾಸ್ತರು, ನಾನು ಕನ್ನಡದ ಟೀಚರ್. ಕೊಪ್ಪಳದ ನಮ್ಮ ಮನೆಯ ಪಡಸಾಲೆಯಲ್ಲಿ ನಾಲ್ಕು ಟ್ರೇಗಳಲ್ಲಿ ಗೋಧಿ ತೌಡು ಹರವಿ ಅವರು ಕಪ್ಪು ದುಂಬಿ ಸಾಕುತ್ತಿದ್ದರು. ಆ ದುಂಬಿಗಳ ಮರಿಗಳೇ ಈ ಹಳದಿ ಹುಳಗಳು. ಕೋಳಿಗಳಿಗೆ ಇವೆಂದರೆ ಪ್ರಾಣ, ಕೋಳಿ ಸಾಕುವವರು ಬಂದು ಒಯ್ಯುತ್ತಿದ್ದರು. ಇವನ್ನು ಸಾಯಗೊಡುವುದಿಲ್ಲ ಎಂದು ನಾನು ನಿರ್ಧರಿಸಿದೆ. ಆದರೆ ಹುಳ ಸಾಕುವವರ ಮನೆಯಲ್ಲಿ ದಿನಕ್ಕೊಂದು ತಮಾಷೆ ತಪ್ಪಿದ್ದಲ್ಲ.

ಮಾಳಿಗೆಯ ಬಿಸಿಲು

ಅವರ ದಿನಕರ್ಮಕ್ಕೆಂದು ಯಲಬುರ್ಗಾದಿಂದ ಬಂದಿದ್ದ ನಾದಿನಿ ಸುಮ್ಮನೆ ಕೂರುವವಳಲ್ಲ. ಮಧ್ಯಾಹ್ನ ನನಗೆ ಕಣ್ಣು ಹತ್ತಿದಾಗ ಟ್ರೇಗಳನ್ನು ನೋಡಿದ್ದಾಳೆ. ಹುಳ ಹತ್ತಿದ್ದನ್ನು ಬಿಸಿಲಿಗೆ ಹಾಕುವುದು ನಮ್ಮ ಕಡೆಯ ಪದ್ಧತಿ. ಮಾಳಿಗೆಯ ಮೇಲೆ ಹಳೆಯ ಸೀರೆ ಹಾಸಿ, ತೌಡು ಹರವಿ, ಬೇವಿನೆಲೆಯನ್ನೂ ಉದುರಿಸಿ ಬಂದಳು.

"ವೈನಿ, ದುಃಖದಾಗ ನಿಮಗ ಲಕ್ಷ್ಯ ಇಲ್ಲ. ತೌಡಿಗೆಲ್ಲಾ ಹುಳ ಹತ್ತಿದ್ವು!"

"ಅವು ನಿಮ್ಮ ಅಣ್ಣ ಸಾಕಿದ ಹುಳ."

ಇಬ್ಬರೂ ಓಡಿದೆವು. ಇನ್ನೂ ಸುರುವದ ಒಂದು ಟ್ರೇ ಮಾತ್ರ ಮೆಟ್ಟಿಲ ಮೇಲೆ ಉಳಿದಿತ್ತು. ಸೀರೆಯ ತುಂಬ ಕಾಗೆಗಳು. ನಾದಿನಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಮುಂಜಾನಿ ಎಡಿ ಇಟ್ಟು ಕರದ್ರ ಒಂದೂ ಬರಲಿಲ್ಲ. ಈಗ ನೋಡ್ರಿ, ಬೀಗರನ್ನೂ ಕರಕೊಂಡು ಬಂದಾವ!"

ಗಜ್ಜರಿ

ಹುಳಗಳಿಗೆ ನೀರಿಟ್ಟರೆ ಮುಳುಗಿ ಸಾಯುತ್ತವೆ. ಗಜ್ಜರಿಯ ಹಸಿಯೇ ಅವಕ್ಕೆ ನೀರು. ಸಂತೆಯಲ್ಲಿ ನಾನು ಒಂದೊಂದೇ ಗಜ್ಜರಿ ತಿರುಗಿಸಿ ನೋಡಿ ಆರಿಸುತ್ತಿದ್ದೆ. ಮಾರುವವಳಿಗೆ ಸಿಟ್ಟು ಬಂತು.

"ಹುಳ ಇಲ್ರಿ ಅಕ್ಕಾರ, ಕಣ್ಣು ಮುಚ್ಚಿ ಒಯ್ಯಿರಿ."

"ಹುಳಕ್ಕಂತನ ಒಯ್ಯಾಕತ್ತೀನಿ."

ಅವಳು ನನ್ನನ್ನೇ ನೋಡಿದಳು. "ಮೊದಲ ಹೇಳಬಾರದೇನ್ರಿ? ಹುಳಾ ಇದ್ದವನ್ನ ತಗದು ಕೊಡ್ತಿದ್ದೆ. ನಿಮಗ ಎರಡೂ ಸಿಗತಿದ್ವು!"

ಕುಷ್ಟಗಿ ಬಸ್ಸು

ಉಳಿದ ಟ್ರೇಯ ಹುಳಗಳು ಒಂದೊಂದಾಗಿ ತಿನ್ನುವುದನ್ನು ಬಿಟ್ಟು, ಬಿಳಿಚಿ, ಬಾಗಿ, ಅಲುಗಾಡದೆ ಬಿದ್ದವು. ಸತ್ತವೋ ಏನೋ ತಿಳಿಯಲಿಲ್ಲ. ಭಾನುವಾರ ಅವನ್ನು ಡಬ್ಬಿಗೆ ತುಂಬಿಕೊಂಡು ಕುಷ್ಟಗಿಗೆ ಹೊರಟೆ. ಅಲ್ಲಿ ನಮ್ಮವರ ಗೆಳೆಯರೊಬ್ಬರು ಜವಾರಿ ಕೋಳಿ ಸಾಕುತ್ತಾರೆ. ಹುಳಗಳ ಸಂಗತಿ ಅವರಿಗೆ ಗೊತ್ತು.

ಕಂಡಕ್ಟರ್ ಡಬ್ಬಿ ನೋಡಿದ. "ಏನೈತ್ರಿ ಟೀಚರ್?"

"ಹುಳ."

"ಜೀವ ಅದಾವೇನ್ರಿ?"

"ಅದನ್ನ ಕೇಳಾಕ ಹೊಂಟೀನಿ."

ಅವನು ಸ್ವಲ್ಪ ಯೋಚಿಸಿದ. "ನಿಮಗಂತೂ ಫ್ರೀ. ಕೋಳಿ ಒಯ್ದ್ರ ಅರ್ಧ ಟಿಕೆಟ್ ಹರೀತೀವಿ. ಇವು ಸದ್ಯಕ್ಕ ಸತ್ತಾವಂತ ತಿಳಕೊಳ್ಳೂಣು. ಬರೂಮುಂದ ಜೀವ ಇದ್ರ ನೋಡೂಣ್ರಿ."

ಗೆಳೆಯರು ಡಬ್ಬಿ ತೆರೆದು ಒಂದನ್ನು ಬೆರಳಿನಿಂದ ಮುಟ್ಟಿದರು. ಅದು ಬಾಲ ಕೊಡವಿತು.

"ಸತ್ತಿಲ್ರಿ ವೈನಿ. ಕೋಶ ಆಗ್ಯಾವ, ದುಂಬಿ ಆಗಿ ಏಳ್ತಾವ." ಆಮೇಲೆ ನಗು ತಡೆಯದೆ ಹೇಳಿದರು: "ನಿಮ್ಮ ಮನಿಯವರೂ ಮೊದಲ ಸಲ ಹಿಂಗ ಡಬ್ಬಿ ತಗೊಂಡು ಅಳು ಮಾರಿ ಮಾಡಕೊಂಡು ಬಂದಿದ್ರು. ವಿಜ್ಞಾನದ ಮಾಸ್ತರು! ಯಾರಿಗೂ ಹೇಳಬ್ಯಾಡ ಅಂದಿದ್ರು."

ಅವರು ತೀರಿದ ಮೇಲೆ ಅಂದು ಮೊದಲ ಸಲ ನಾನು ಗಟ್ಟಿಯಾಗಿ ನಕ್ಕೆ.

ಸಂಜೆ ಅದೇ ಬಸ್ಸು, ಅದೇ ಕಂಡಕ್ಟರ್.

"ಏನಾತ್ರಿ ಟೀಚರ್?"

"ಜೀವ ಅದಾವ."

ಹಿಂದಿನ ಸೀಟಿನ ಅಜ್ಜಿ ಬಾಯಿ ಹಾಕಿದಳು: "ಹೆಣ್ಣಿದ್ರ ಅವಕ್ಕೂ ಫ್ರೀ ಕೊಡೋ ತಮ್ಮಾ!"

ಕಂಡಕ್ಟರ್ ನನ್ನ ಮುಖ ನೋಡಿದ. "ಈಗ ತಿಳಿಯೂದಿಲ್ರಿ" ಎಂದೆ.

ಅವನು ಡಬ್ಬಿಗೆ ಅರ್ಧ ಟಿಕೆಟ್ ಹರಿದ.