ಕಾಲುವಿ ಫೋನಿನ ಮರ್ಯಾದಿ

ಎದುರಿನಾವನ ಮಾರಿ ಕಾಣಲಿಲ್ಲಂದ್ರ ಮನುಷ್ಯಾನ ಬಾಯಿ ಉದ್ದ ಆಗ್ತೈತಿ. ಹೊಸಪೇಟಿ ಕಾಲುವಿ ಆಫೀಸಿನ್ಯಾಗ ಫೋನಿನ ಮುಂದ ಕುಂತು ಕುಂತು ನಾ ತಿಳಕೊಂಡಿದ್ದು ಇಷ್ಟ. ಕಂಪ್ಲಿತನಕ ಕಾಲುವಿಗುಂಟ ಒಂದೇ ತಂತಿ, ಗೇಟಿಗೊಂದು ಫೋನು. ನೀರು ಎಷ್ಟು ಬಿಟ್ವಿ ಅಂತ ಹೇಳಾಕ ಇಟ್ಟಿದ್ದು. ಯಾರು ಎತ್ತಿದ್ರೂ ಎಲ್ಲಾರ ಮಾತೂ ಕೇಳತಿತ್ತು. ಹಂಗಾಗಿ ನೀರಿನ ಮಾತೊಂದು ಬಿಟ್ಟು ಉಳಿದದ್ದೆಲ್ಲಾ ನಡೀತಿತ್ತು, ದಿನಾ ಒಂದಿಲ್ಲೊಂದು.

ಅಣ್ಣಾವ್ರ ಕಾಯ್ದೆ

ಮ್ಯಾಲಿನ ಗೇಟಿನಾವಗೂ ಕೊನಿ ಗೇಟಿನಾವಗೂ ಎಣ್ಣಿ ಸೀಗಿಕಾಯಿ. ನಿಮ್ಮೂರಾವ್ರು ನೀರು ಕದೀತಾರಂತ ಇವ, ನಿಮ್ಮೂರಾವ್ರೇ ಕದೀತಾರಂತ ಅವ. ಒಂದಿನ ಬೈಗುಳ ಅವ್ವ-ಅಕ್ಕನ ತನಕ ಹೋತು. ಆ ಹೊತ್ತಿಗೇ ನಮ್ಮ ಆಫೀಸಿನ ಸಾಹೇಬ್ರು ಫೋನು ಎತ್ತಬೇಕಾ! "ನಾಳಿಂದ ಯಾರೇ ಆಗ್ಲಿ, ಮೊದಲು 'ಅಣ್ಣಾವ್ರ' ಅನ್ಬೇಕು, ಆಮ್ಯಾಲ ಮಾತು" ಅಂತ ಹುಕುಂ ಮಾಡಿದ್ರು.

ಮರುದಿನ ಕೊನಿ ಗೇಟಿನಾವ ಶುರು ಮಾಡಿದ: "ಅಣ್ಣಾವ್ರ, ನಿಮ್ಮಂಥ ಕಳ್ಳರು ಭೂಮಿ ಮ್ಯಾಲ ಹುಟ್ಟಿಲ್ಲ."

"ಅಣ್ಣಾವ್ರ, ನೀವು ಹುಟ್ಟಿದ್ದೇ ದೊಡ್ಡ ತಪ್ಪು" ಅಂದ ಮ್ಯಾಲಿನಾವ.

ಸಾಹೇಬ್ರು ಭಾಳ ಖುಷಿಯಾದ್ರು. "ನೋಡ್ರಿ, ಎಷ್ಟು ಸುಧಾರಿಸ್ಯಾರ!"

ಬಾವಿ

ಕೊನಿ ಗೇಟಿನಾವನ ಮಗಳು ಸಂಡೂರಿನ ಅದಿರು ಲಾರಿ ಓಡಸಾವನ್ನ ಲಗ್ನ ಆದ್ಲು. ಹುಡುಗ ಬ್ಯಾರೆ ಜಾತಿ. ಮುಗೀತಲ್ಲ! ತಂತಿ ತುಂಬ ಜಾತಿ, ಧರ್ಮ, ಕಲಿಗಾಲ.

"ಅಣ್ಣಾವ್ರ, ಅಂಥಾ ಮಗಳನ್ನ ಹಡದಾವ ಬಾವಿ ನೋಡ್ಕೋಬೇಕು" ಅಂದ ಮ್ಯಾಲಿನಾವ.

ಅಪ್ಪ ಮೊದಲಿಂದ ಕೇಳ್ಕೊಂತ ಕುಂತಿದ್ದ, ಪಾಪ. ಆಗ ಬಾಯಿ ಬಿಟ್ಟ: "ಅಣ್ಣಾವ್ರ, ಇಲ್ಲಿ ಬಾವ್ಯಾಗ ಮೊಣಕಾಲುದ್ದ ನೀರಿಲ್ರಿ. ನೀವು ಈಟು ಗೇಟು ಎತ್ರಿ, ಕಾಲುವಿಗೇ ಬೀಳ್ತೀನಿ."

ಮ್ಯಾಲಿನಾವ ಗೇಟು ಎತ್ತಿದ. ಸಂಜಿಗೆ ಕೊನಿತನಕ ನೀರು ಹೋತು. ಅವ ಬೀಳಲಿಲ್ಲ, ಭತ್ತಕ್ಕ ಹಾಯಿಸ್ಕೊಂಡ.

ರಕ್ತ

ಮುಂದಿನ ವರ್ಷ ಆ ಲಾರಿ ಹುಡುಗ ಆಫೀಸಿಗೆ ಓಡಿ ಬಂದ. "ಹೆರಿಗಿ ಕೆಟ್ಟೈತ್ರಿ. ಕೂಸು ಹೋತು. ಅಕಿಗೆ ರಕ್ತ ಬೇಕಂತ, ನಂದು ಹೊಂದಲಿಲ್ಲ. ನಮ್ಮ ಮಾವಗ ಹೇಳ್ರಿ!"

ನಾ ತಂತಿ ಮ್ಯಾಲ ಹೇಳಿದೆ. ಅಪ್ಪ ಉತ್ತರ ಕೊಡೂದ್ರಾಗ ನಡುವಿನ ಗೇಟಿನಾವ್ರು ಹತ್ತಿದ್ರು. "ಅಣ್ಣಾವ್ರ, ಜಾತಿ ಬಿಟ್ಟಾಕಿಗೆ ನಮ್ಮ ರಕ್ತ ಕೊಡಬಹುದೇನ್ರಿ?" "ಅಣ್ಣಾವ್ರ, ಅಕಿ ಮೈಯಾಗಿರೂದು ಅಪ್ಪಂದೇ ಅಲ್ಲೇನ್ರಿ?"

"ಥೂ ನಿಮ್ಮ! ಅಲ್ಲೊಂದು ಜೀವ ಹೋಗಾಕ ಹತ್ತೈತಿ!" ಅಂದೆ. ಅಣ್ಣಾವ್ರೂ ಇಲ್ಲ, ತಮ್ಮಾವ್ರೂ ಇಲ್ಲ.

ಕಡೀಕ ಅಪ್ಪ ಅಂದ, "ಅಕಿ ನನ್ನ ಪಾಲಿಗೆ ಸತ್ತು ವರ್ಷಾತು."

ಬಾವಿ ತೋರಿಸಿದ್ದ ಮ್ಯಾಲಿನಾವನೇ ಆಗ ಮಾತಾಡಿದ: "ಛಲೋ ಆತ್ ಬಿಡ್ರಿ. ಸತ್ತಾಕಿಗೆ ರಕ್ತ ಕೊಟ್ರ ಯಾರ ಜಾತೀನೂ ಕೆಡಂಗಿಲ್ಲ. ಜಲ್ದಿ ಹೋಗ್ರಿ."

ಅಪ್ಪ ಭತ್ತದ ಲಾರಿ ಹತ್ತಿ ಬಂದ. ಮೊದಲೇ ಹೇಳಿಬಿಡ್ತೀನಿ, ಮಗಳು ಉಳಿದ್ಲು. ಆದ್ರ ಆಸ್ಪತ್ರ್ಯಾಗ ತೋಳಿಗೆ ಸೂಜಿ ಚುಚ್ಚಿ ನರ್ಸಮ್ಮ ಕೇಳಿದ್ಲು, "ಒಳಗಿರಾಕಿ ನಿಮಗೇನಾಗಬೇಕು?"

ವರ್ಷದಿಂದ ಹೇಳಿ ಹೇಳಿ ರೂಢಿ ಆಗಿತ್ತಲ್ಲ, "ಅಕಿ ಸತ್ತಾಳ್ರಿ" ಅಂದುಬಿಟ್ಟ.

"ಅಯ್ಯಯ್ಯೋ, ಯಾವಾಗ?" ಅಂತ ನರ್ಸಮ್ಮ ಎದ್ದು ವಾರ್ಡಿನ ಕಡಿ ಓಡಿದ್ಲು. ಇವ ಸೂಜಿ ಕಿತ್ತು ಒಗದು, ರಕ್ತ ಸುರಿಸ್ಕೊಂತ ಅಕಿ ಹಿಂದ ಓಡಿದ. ಇಡೀ ಆಸ್ಪತ್ರಿಗೆ ಕೇಳೂ ಹಂಗ ಚೀರಿದ: "ಇಲ್ರೀ ಯವ್ವಾ! ಮಗಳ್ರೀ! ನನ್ನ ಮಗಳು!"