ಶ್ರಮಭವನದ ಚಿತ್ರದಲ್ಲಿ ಉಳಿದ ನೆರಳಿನ ಬಗ್ಗೆ

ಇಂದ,
ಕಟ್ಟಡದ ಚಿತ್ರಗಳಲ್ಲಿ ಮನುಷ್ಯರನ್ನು ನಿಲ್ಲಿಸುವ ಕಿರಿಯ ವಾಸ್ತುಶಿಲ್ಪಿ,
ಕಿಟಕಿಯಿಲ್ಲದ ಬದಿಯ ಮೇಜು.

ಗೆ,
ಪ್ರಧಾನ ವಾಸ್ತುಶಿಲ್ಪಿಯವರು,
ಗಾಜಿನ ಕೋಣೆ.

ವಿಷಯ: ಭಾನುವಾರದ ರಜೆ ಹಾಗೂ ಚಿತ್ರದಲ್ಲಿ ಉಳಿದಿರುವ ನನ್ನ ನೆರಳಿನ ಕುರಿತು.

ಉಲ್ಲೇಖ: "ಆ ನೆರಳನ್ನ ತೆಗೀರಿ" ಎಂಬ ತಮ್ಮ ಮೌಖಿಕ ಆದೇಶ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರುವುದೇನೆಂದರೆ, ದುಡಿಯುವವರ ಗೌರವಾರ್ಥ ಕಟ್ಟಲಿರುವ ಶ್ರಮಭವನದ ಸ್ಪರ್ಧೆಗೆ ನಮ್ಮ ಕಚೇರಿ ನಕ್ಷೆ ತಯಾರಿಸುತ್ತಿದ್ದು, ಸದರಿ ಗೌರವದ ನಿಮಿತ್ತ ನಮ್ಮೆಲ್ಲರ ಭಾನುವಾರಗಳು ರದ್ದಾಗಿರುತ್ತವೆ. ಸಂಘ ಕಟ್ಟುತ್ತೇವೆಂದು ಸಹೋದ್ಯೋಗಿಗಳು ಬಂದಾಗ, ನಾವೆಲ್ಲ ಒಂದೇ ಮನೆಯವರು, ಮನೆಯೊಳಗೆ ಸಂಘವೇಕೆ ಎಂದು ತಾವು ಅಪ್ಪಣೆ ಕೊಡಿಸಿದಿರಿ. ಆದ್ದರಿಂದ ಈ ಅರ್ಜಿಯನ್ನು ಮನೆಯವನಾಗಿಯೇ ಸಲ್ಲಿಸುತ್ತಿದ್ದೇನೆ.

೧. ಕಟ್ಟಡದ ಅಳತೆ ನೋಡುಗರಿಗೆ ತಿಳಿಯಲೆಂದು ಚಿತ್ರದಲ್ಲಿ ಮನುಷ್ಯರನ್ನು ನಿಲ್ಲಿಸುವುದು ನನ್ನ ಕೆಲಸ. ಮೊದಲು ಸುತ್ತಿಗೆ ಹಿಡಿದವರನ್ನು ನಿಲ್ಲಿಸಿದ್ದೆ. ಕೆಲಸ ಮಾಡುವವರಿದ್ದರೆ ಚಿತ್ರ ಕೆಡುತ್ತದೆಂದು ತಾವು ತೆಗೆಸಿದಿರಿ. ಆದಕಾರಣ, ಶ್ರಮಭವನದಲ್ಲಿ ಈಗ ಎಲ್ಲರೂ ಐಸ್‌ಕ್ರೀಂ ತಿನ್ನುತ್ತಿದ್ದಾರೆ.

೨. ನಗುವ ಮಗುವೊಂದು ಬೇಕೆಂದಿರಿ. ಫೋನಿನಲ್ಲಿದ್ದ ನನ್ನ ಮಗಳ ಫೋಟೋ ಕತ್ತರಿಸಿ ಅಂಗಳದಲ್ಲಿ ನಿಲ್ಲಿಸಿದೆ. ತಾವು ಮೆಚ್ಚಿದಿರಿ. ಕಳೆದ ಭಾನುವಾರ ಊಟದ ಡಬ್ಬಿ ಕೊಡಲು ಅಮ್ಮನ ಜೊತೆ ಬಂದವಳು ಕಂಪ್ಯೂಟರ್ ಪರದೆ ನೋಡಿ, "ಅಪ್ಪ, ನಾನ್ಯಾಕೆ ಒಬ್ಳೇ ಇದೀನಿ?" ಎಂದು ಕೇಳಿದಳು. ಕರುಳು ಚುರ್ರೆಂದಿತು. ಇದಕ್ಕೆ ಕಚೇರಿ ಭಾಷೆಯಲ್ಲಿ ಬೇರೆ ಪದ ಸಿಗಲಿಲ್ಲ, ಕ್ಷಮಿಸಬೇಕು.

೩. ಆದ್ದರಿಂದ ಅವಳ ಪಕ್ಕದಲ್ಲಿ ನನ್ನನ್ನೂ ನಿಲ್ಲಿಸಿಕೊಂಡೆ. ಮರುದಿನ ತಾವು ನೋಡಿ, "ಈತ ಯಾರ್ರೀ, ಇಷ್ಟು ಸುಸ್ತಾಗಿದಾನೆ? ತೆಗೀರಿ" ಎಂದಿರಿ. ನಾನು ಎದುರಿಗೇ ನಿಂತಿದ್ದೆ. ಆದೇಶದ ಮೇರೆಗೆ ನನ್ನನ್ನು ತೆಗೆದೆ.

೪. ಆದರೆ ನಮ್ಮ ಕೆಲಸದಲ್ಲಿ ಚಿತ್ರವೆಂದರೆ ಪದರದ ಮೇಲೆ ಪದರ; ಮನುಷ್ಯ ಒಂದು ಪದರದಲ್ಲಿದ್ದರೆ ಅವನ ನೆರಳು ಇನ್ನೊಂದು ಪದರದಲ್ಲಿರುತ್ತದೆ. ಅವಸರದಲ್ಲಿ ನೆರಳು ಉಳಿದುಹೋಯಿತು. ತಪ್ಪು ನನ್ನದೇ. ಅದು ಯಾರ ಕಣ್ಣಿಗೂ ಬೀಳುವ ಮೊದಲೇ ಒಂದು ಪ್ರತಿಯನ್ನು ಮಗಳಿಗೆಂದು ಒಯ್ದಿದ್ದೆ. ಅವಳು ಅದನ್ನು ಗೋಡೆಗೆ ಅಂಟಿಸಿಕೊಂಡು, ಬಂದವರಿಗೆಲ್ಲ ತನ್ನ ಪಕ್ಕದ ನೆರಳನ್ನು ತೋರಿಸಿ, "ಅಪ್ಪ ಬರ್ತಿದಾರೆ, ಇಲ್ಲೇ ಹಿಂದೆ ಇದಾರೆ" ಎನ್ನುತ್ತಿದ್ದಾಳೆ. ತಾವೀಗ ಆ ನೆರಳನ್ನೂ ಅಳಿಸಲು ಹೇಳಿದ್ದೀರಿ.

ಆದಕಾರಣ, ಬರುವ ಭಾನುವಾರ, ನೆರಳು ಬೀಳುವಷ್ಟು ಬಿಸಿಲಿರುವಾಗಲೇ, ನನ್ನನ್ನು ಮನೆಗೆ ಕಳುಹಿಸಿಕೊಡಬೇಕಾಗಿ ಪ್ರಾರ್ಥನೆ.

ತಮ್ಮ ವಿಶ್ವಾಸಿ, ಹಾಗೂ ತಮಗೆ ಗುರುತು ಸಿಗದವನು,
(ಸಹಿ)

ಲಗತ್ತುಗಳು:
೧. ನೆರಳಿರುವ ಚಿತ್ರ.
೨. ನನ್ನ ಭಾವಚಿತ್ರ, ಗುರುತಿಗಾಗಿ.

ವಿ.ಸೂ.: ರಜೆ ಸಾಧ್ಯವಿಲ್ಲವೆಂದಾದರೆ, ನೆರಳು ಅಳಿಸುವ ಕೆಲಸವನ್ನು ದಯವಿಟ್ಟು ಬೇರೆಯವರಿಗೆ ವಹಿಸಬೇಕು.