ಓದದೇ ಬರೆಯಬೇಕಾದ ಪರೀಕ್ಷೆ

ನೀಲಕಂಠಪ್ಪನವರ ಗ್ರಹಚಾರ ಕೆಟ್ಟಿದ್ದು ಒಂದು ಪರೀಕ್ಷೆಯಿಂದ. ಅದೂ ಅವರು ಬರೆದದ್ದಲ್ಲ, ಬರೆಸಿದ್ದು.

ಅಮೆರಿಕದ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ಒಂದು ಕಂಪನಿಗೆ ಅವರು ಎಲೆಕ್ಟ್ರಿಕಲ್ ಸರ್ಕ್ಯೂಟಿನ ಆನ್‌ಲೈನ್ ಕೋರ್ಸ್ ತಯಾರಿಸಿದ್ದರು. ಅದು ಗೆದ್ದರೆ ಕೆಲಸ ಉಳಿಯುತ್ತಿತ್ತು, ಸೋತರೆ ಲೇಆಫ್. ಅದನ್ನು ತೂಗುವ ಕ್ರಮ ಸರಳ. ಸರ್ಕ್ಯೂಟಿನ ಗಂಧಗಾಳಿ ಇಲ್ಲದವರು ಪಾಠಕ್ಕೆ ಮುಂಚೆ ಒಮ್ಮೆ, ಪಾಠ ಮುಗಿಸಿ ಮತ್ತೊಮ್ಮೆ ಅದೇ ಪರೀಕ್ಷೆ ಬರೆಯಬೇಕು. ಅಂಕ ಎಷ್ಟು ಏರಿತೋ ಅಷ್ಟು ಕೋರ್ಸಿನ ಬೆಲೆ. ನೀಲಕಂಠಪ್ಪ ತಾವಿದ್ದ ಪ್ಲೇನೋ ಊರಿನ ಕನ್ನಡದ ಮನೆಗಳಿಗೆಲ್ಲ ಮೊದಲ ಪರೀಕ್ಷೆಯ ಲಿಂಕ್ ಕಳಿಸಿ, ತಪ್ಪಾದರೂ ನಡೆಯುತ್ತದೆ ಎಂದು ಕೈಮುಗಿದು ಹೇಳಿದ್ದರು.

ಶನಿವಾರ ಮಧ್ಯಾಹ್ನ ಪಕ್ಕದ ಮನೆಯ ಶಿವಬಸವ್ವ ಆಂಟಿ ಊಟಕ್ಕೆ ಕರೆದರು. ಹೋದರೆ ಲಿಂಕ್ ಸಿಕ್ಕವರೆಲ್ಲ ಅಲ್ಲೇ ಇದ್ದಾರೆ. ರೊಟ್ಟಿ ಮುರಿಯುವ ಮೊದಲೇ ಕಿರಾಣಿ ಅಂಗಡಿಯ ಬಸವರಾಜ್ ಕೆಪಾಸಿಟರ್ ಅಂದರೇನು ಎಂದು ಕೇಳಿದರು. ಅವರ ಹೆಂಡತಿ ಪ್ರಭಾಗೆ ರೆಸಿಸ್ಟರುಗಳ ಚಿಂತೆ. ನೀಲಕಂಠಪ್ಪ ಬೆರಗಾದರು. ಸ್ವಂತ ಹೆಂಡತಿ ಎಂದೂ ಕಿವಿಗೊಡದ ವಿದ್ಯೆ ಇದು, ಇಲ್ಲಿ ಮಂದಿ ಊಟ ಬಿಟ್ಟು ಕೇಳುತ್ತಿದ್ದಾರೆ! ಎಣ್ಣೆಗಾಯಿ ಆರಿಹೋಯಿತು, ಪೇಪರ್ ಪ್ಲೇಟುಗಳ ಬೆನ್ನಮೇಲೆಲ್ಲ ಸರ್ಕ್ಯೂಟು ಮೂಡಿತು. ಜ್ಞಾನದ ಹಸಿವು ಅಂದರೆ ಇದಪ್ಪ ಎಂದುಕೊಂಡು, ತುಂಬಿಬಂದ ಕಣ್ಣು ಒರೆಸಿಕೊಳ್ಳುತ್ತ ಮನೆಗೆ ಹೋದರು.

ಸಂಜೆ ಮ್ಯಾನೇಜರಮ್ಮನ ಫೋನ್ ಬಂತು. ಆಕೆಯೂ ಬೆರಗಾಗಿದ್ದಳು. ಇನ್ನೂ ಕೋರ್ಸ್ ತೆರೆದೇ ಇಲ್ಲ, ಮೊದಲ ಪರೀಕ್ಷೆಯಲ್ಲೇ ಎಲ್ಲರಿಗೂ ನೂರಕ್ಕೆ ನೂರು. ಇನ್ನು ಅಂಕ ಏರುವುದೆಲ್ಲಿಗೆ? ಕೋರ್ಸ್ ಏನೂ ಕಲಿಸಲಿಲ್ಲವೆಂದೇ ಲೆಕ್ಕ. ಸೋಮವಾರದೊಳಗೆ ಏನೂ ತಿಳಿಯದ ಬೇರೆ ಜನ ಸಿಗದಿದ್ದರೆ ನಿಮ್ಮ ಕೆಲಸ ನಾನು ಉಳಿಸಲಾರೆ ಎಂದಳು.

ನೀಲಕಂಠಪ್ಪ ಓಡಿಹೋಗಿ ಆಂಟಿಯ ಬಾಗಿಲು ಬಡಿದರು. ಆಂಟಿಯ ಮುಖದಲ್ಲಿ ಹೆಮ್ಮೆಯೋ ಹೆಮ್ಮೆ. ಪ್ರಶ್ನೆಗಳನ್ನು ಮೊದಲೇ ತೆರೆದು ನೋಡಿ, ಒಬ್ಬೊಬ್ಬರು ಒಂದೊಂದು ಕೇಳುವುದೆಂದು ಮಾತಾಡಿಕೊಂಡೇ ಊಟಕ್ಕೆ ಕರೆದಿದ್ದರಂತೆ.

"ಪರೀಕ್ಷಾ ಅಂದಮ್ಯಾಲೆ ಓದದ ಹೆಂಗ ಕುಂದರೂದ್ರಿ? ನಮ್ಮ ಮಂದಿ ಫೇಲಾದ್ರ ನಿಮ್ಮ ಮಾನ ಏನಾಗಬೇಕು?"

ಇಷ್ಟು ಪ್ರೀತಿಗೆ ಬಯ್ಯುವುದು ಹೇಗೆ? ಹ್ಯೂಸ್ಟನ್, ಆಸ್ಟಿನ್ನಿನ ಕನ್ನಡದವರಿಗೆ ಈಗಲೇ ಲಿಂಕ್ ಕಳಿಸಿ ಬರೆಸುತ್ತೇನೆ ಎಂದು ಹೇಳಿ ನೀಲಕಂಠಪ್ಪ ತಿರುಗಿದರು.

"ಅವರ ಚಿಂತಿ ಬಿಡ್ರಿ," ಎಂದರು ಆಂಟಿ. "ಇಷ್ಟು ಛಲೋ ಪಾಠ ನಮಗಷ್ಟ ಯಾಕಂತ ನಿಮ್ಮ ಪ್ಲೇಟೆಲ್ಲಾ ಸ್ಕ್ಯಾನ್ ಮಾಡಿ ಆಗಲೇ ಕಳಿಸೀನಿ. ಎರಡೂ ಊರಾಗ ಓದಾಕ ಹತ್ಯಾರ."